ಬೆಳಿಗ್ಗೆ ಏಳಲು ಹಠ ಮಾಡಿದ ಯಂತ್ರ: ಸಂಗೀತಕ್ಕೆಂದು ಕಟ್ಟಿಸಿದ ಕಂಪ್ಯೂಟರ್‌ನೊಂದಿಗೆ ಏಳು ತಿಂಗಳು

ಗಾಯಕಿ ಕಂಠ ಹದಗೊಳಿಸಿಕೊಂಡು ಮೈಕಿನ ಮುಂದೆ ನಿಂತಿದ್ದರು. ನಾಟಕದ ನಿರ್ದೇಶಕರು ನನ್ನ ಹಿಂದಿನ ಕುರ್ಚಿಯಲ್ಲಿ ಹಾಡಿನ ಹಾಳೆ ಹಿಡಿದು ಕುಳಿತಿದ್ದರು. ನಾನು ಕಂಪ್ಯೂಟರ್‌ನ ಗುಂಡಿ ಒತ್ತಿದೆ. ಪರದೆಯ ಮೇಲೆ ಲಾಂಛನ ಬಂತು, ಅದರ ಕೆಳಗೆ ಚುಕ್ಕಿಗಳು ಸುತ್ತತೊಡಗಿದವು, ನಾಲ್ಕು ಸುತ್ತು ಮುಗಿಯುವಷ್ಟರಲ್ಲಿ ವಿಂಡೋಸ್ ಕುಸಿಯಿತೆಂದು ಹೇಳುವ ನೀಲಿ ಪರದೆ. ತಾನಾಗಿಯೇ ಮತ್ತೆ ಶುರುವಾಯಿತು, ಮತ್ತೆ ನೀಲಿ. ಮೂರನೆಯ ಸಲ ಏನೂ ನಡೆದೇ ಇಲ್ಲವೆಂಬಂತೆ ಎದ್ದು ನಿಂತಿತು. ಆಮೇಲೆ ಸಂಜೆ ಏಳರವರೆಗೆ ಒಂದು ಕ್ಷಣವೂ ತಡವರಿಸಲಿಲ್ಲ. ಅಷ್ಟು ಹೊತ್ತಿಗೆ ಗಾಯಕಿಯ ಕಂಠದ ಮೊದಲಿನ ಹುರುಪು ಇಳಿದಿತ್ತು. ಅಂದು ಧ್ವನಿಮುದ್ರಿಸಿಕೊಂಡ ಪಲ್ಲವಿಯನ್ನು ವಾರದ ನಂತರ ಮತ್ತೆ ಹಾಡಿಸಬೇಕಾಯಿತು.

ನಾನು ಸಾಕ್ಷ್ಯಚಿತ್ರ, ರೇಡಿಯೊ ರೂಪಕ, ನಾಟಕಗಳಿಗೆ ಹಿನ್ನೆಲೆ ಸಂಗೀತ ಮಾಡುತ್ತೇನೆ. ಸಂಗೀತದ ಕೆಲಸಕ್ಕೆಂದೇ ಕಂಪ್ಯೂಟರ್‌ಗಳನ್ನು ಜೋಡಿಸಿಕೊಡುವ ಒಂದು ಸಂಸ್ಥೆಯಿಂದ ಏಳು ತಿಂಗಳ ಹಿಂದೆ ಈ ಯಂತ್ರವನ್ನು ಕಟ್ಟಿಸಿಕೊಂಡೆ. ಸಂಸ್ಥೆಯ ಹೆಸರು ಬರೆಯುವುದಿಲ್ಲ. ಅವರು ಮಾಡಿದ ತಪ್ಪನ್ನು ಕಂಪ್ಯೂಟರ್ ಜೋಡಿಸುವ ಯಾರೇ ಆದರೂ ಮಾಡಬಹುದು. ಹಾಗಾಗಿ ತಪ್ಪು ಯಾವುದು, ಅದನ್ನು ಹಿಡಿದದ್ದು ಹೇಗೆ, ಅವರು ತಿದ್ದಿಕೊಂಡದ್ದು ಹೇಗೆ ಎನ್ನುವುದನ್ನೇ ವಿವರವಾಗಿ ಬರೆಯುತ್ತಿದ್ದೇನೆ.

ಪೆಟ್ಟಿಗೆಯೊಳಗೆ ಇದ್ದದ್ದು ಇಷ್ಟು. 16 ಕೋರ್‌ಗಳ ರೈಜೆನ್ 9 7950ಎಕ್ಸ್ ಪ್ರೊಸೆಸರ್. 32 ಜಿಬಿಯ ನಾಲ್ಕು ಡಿಡಿಆರ್5 ಮೆಮೊರಿ ಪಟ್ಟಿಗಳು, ಒಟ್ಟು 128 ಜಿಬಿ. ಪ್ರತಿ ಪಟ್ಟಿಯ ಮೇಲೂ 6000 ಎಂಬ ವೇಗದ ಅಂಕಿ, ಅಂದರೆ ಸೆಕೆಂಡಿಗೆ ಎಷ್ಟು ದಶಲಕ್ಷ ಸಲ ದತ್ತಾಂಶ ಸಾಗುತ್ತದೆ ಎಂಬ ಲೆಕ್ಕ. ವಿಂಡೋಸ್ 11 ಮತ್ತು ತಂತ್ರಾಂಶಗಳಿಗೆ ಒಂದು ಎಸ್‌ಎಸ್‌ಡಿ, ವಾದ್ಯಗಳ ಸ್ವರಗಳನ್ನು ಮುದ್ರಿಸಿಟ್ಟ ಸ್ಯಾಂಪಲ್ ಸಂಗ್ರಹಕ್ಕೆ 4 ಟಿಬಿಯ ಇನ್ನೊಂದು. ಪ್ರೊಸೆಸರ್‌ನ ಮೇಲೆ ದೊಡ್ಡ ಗಾಳಿಯ ಕೂಲರ್, ನಿಧಾನವಾಗಿ ತಿರುಗುವ ಫ್ಯಾನ್‌ಗಳು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಡವೆಂದಿದ್ದೆ. ಈ ಪ್ರೊಸೆಸರ್‌ನಲ್ಲೇ ಪರದೆಗೆ ಸಾಕಾಗುವಷ್ಟು ಗ್ರಾಫಿಕ್ಸ್ ಇದೆ, ಕೋಣೆಯಲ್ಲಿ ಒಂದು ಫ್ಯಾನಿನ ಸದ್ದು ಕಡಿಮೆಯಾಗುತ್ತದೆ. 128 ಜಿಬಿ ಮೆಮೊರಿ ಏಕೆ ಎಂದು ಕೇಳುವವರಿದ್ದಾರೆ. ಪಿಟೀಲು, ಕೊಳಲು, ತಾಳವಾದ್ಯಗಳ ಒಂದೊಂದು ಸ್ವರದ ಆರಂಭದ ತುಣುಕೂ ಮೆಮೊರಿಯಲ್ಲಿ ಸಿದ್ಧವಾಗಿ ಕುಳಿತಿರಬೇಕು, ಉಳಿದದ್ದು ಡಿಸ್ಕ್‌ನಿಂದ ಹರಿದುಬರುತ್ತದೆ. ಒಂದು ದೊಡ್ಡ ವಾದ್ಯವೃಂದವನ್ನು ತೆರೆದಿಟ್ಟರೆ ನನ್ನ ಹಳೆಯ ಯಂತ್ರದ 32 ಜಿಬಿ ಸಾಲುತ್ತಲೇ ಇರಲಿಲ್ಲ.

ಮೊದಲ ವಾರ ಸಂತೋಷದಲ್ಲೇ ಕಳೆಯಿತು. ಎಂಟನೆಯ ಬೆಳಿಗ್ಗೆ ಮೊದಲ ನೀಲಿ ಪರದೆ ಕಂಡಿತು. ಆಮೇಲೆ ವಾರಕ್ಕೆ ಎರಡು ದಿನ, ಮೂರು ದಿನ. ಯಾವಾಗಲೂ ಬೆಳಿಗ್ಗೆ, ಯಾವಾಗಲೂ ದಿನದ ಮೊದಲ ಆರಂಭದಲ್ಲಿ.

ಸಹಾಯವಾಣಿಗೆ ಕರೆ ಮಾಡಿದೆ. ಫೋನ್ ಎತ್ತಿದವರು ಸೌಜನ್ಯದಿಂದಲೇ ಮಾತನಾಡಿದರು. ಆದರೆ ಕ್ರ್ಯಾಶ್ ಎಂಬ ಒಂದು ಪದ ಕಿವಿಗೆ ಬಿದ್ದದ್ದೇ ತಡ, "ವಿಂಡೋಸ್ ಅಳಿಸಿ ಹೊಸದಾಗಿ ಹಾಕಿ ಮೇಡಂ, ಸರಿಹೋಗುತ್ತದೆ" ಎಂದರು. ಯಾವ ಹಂತದಲ್ಲಿ ಬೀಳುತ್ತದೆ, ಎಷ್ಟು ಸಲ, ಎಷ್ಟು ಹೊತ್ತಿಗೆ ಎಂದು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಸಂಗೀತದ ಕೆಲಸದ ಕಂಪ್ಯೂಟರ್‌ನಲ್ಲಿ ವಿಂಡೋಸ್ ಹೊಸದಾಗಿ ಹಾಕುವುದೆಂದರೆ ಅರ್ಧ ಗಂಟೆಯ ಮಾತಲ್ಲ. ಸಂಗೀತ ತಂತ್ರಾಂಶದೊಳಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶಗಳಾದ ಪ್ಲಗಿನ್‌ಗಳಲ್ಲಿ ಪ್ರತಿಯೊಂದರ ಪರವಾನಗಿಯನ್ನೂ ಮತ್ತೆ ನೋಂದಾಯಿಸಬೇಕು, ಸ್ಯಾಂಪಲ್ ಸಂಗ್ರಹಗಳಿಗೆ ಮತ್ತೆ ದಾರಿ ತೋರಿಸಬೇಕು, ವರ್ಷಗಳಿಂದ ಹದ ಮಾಡಿಕೊಂಡ ಶಾರ್ಟ್‌ಕಟ್‌ಗಳನ್ನು ಮತ್ತೆ ಕೂಡಿಸಬೇಕು. ಎರಡು ಪೂರ್ಣ ದಿನ ಹೋದವು. ಮೂರನೆಯ ಬೆಳಿಗ್ಗೆ ಅದೇ ನೀಲಿ ಪರದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಆಗಿತ್ತು, ಆ ಬರೆಯ ನೋವು ನನ್ನ ಎರಡು ದಿನಗಳ ಕೆಲಸದ ಮೇಲೆ ಬಿದ್ದಿತ್ತು. ಇಂಥ ಉತ್ತರ ಕೊಡುವ ಮುನ್ನ ಗ್ರಾಹಕರ ಮೇಜಿನ ಮೇಲೆ ಏನೇನು ಇದೆ ಎಂದು ಕೇಳುವುದು ಸಂಗೀತದವರಿಗೆಂದೇ ಕಂಪ್ಯೂಟರ್ ಮಾರುವ ಸಂಸ್ಥೆಯ ಕನಿಷ್ಠ ಕರ್ತವ್ಯ ಎಂದು ನಾನು ಇಂದಿಗೂ ನಂಬುತ್ತೇನೆ.

ಆ ಗೊಂದಲಕ್ಕೆ ನನ್ನದೂ ಒಂದು ಪಾಲಿತ್ತು. ಅದೇ ವಾರ ಇನ್ನೊಂದು ಬಗೆಯ ಕ್ರ್ಯಾಶ್ ಕೂಡ ಆಗಿತ್ತು, ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದೆ. ಸಂಗೀತದ ತಂತ್ರಾಂಶ ತೆರೆಯುವಾಗ ಪ್ಲಗಿನ್‌ಗಳನ್ನು ಒಂದೊಂದಾಗಿ ಪರಿಶೀಲಿಸುತ್ತದಲ್ಲ, ಆ ಹಂತದಲ್ಲಿ ಅದು ಮುಚ್ಚಿಹೋಗುತ್ತಿತ್ತು. ಅದಕ್ಕೆ ಪರಿಹಾರ ಸುಲಭ: ಪ್ರೋಗ್ರಾಮ್ ಫೈಲ್ಸ್ ಒಳಗಿನ ಕಾಮನ್ ಫೈಲ್ಸ್‌ನಲ್ಲಿರುವ ವಿಎಸ್‌ಟಿ3 ಫೋಲ್ಡರ್‌ನಿಂದ ಪ್ಲಗಿನ್‌ಗಳನ್ನೆಲ್ಲ ಬೇರೆಡೆಗೆ ಸರಿಸಿ, ಅರ್ಧವನ್ನು ಮರಳಿ ಇಟ್ಟು ನೋಡುವುದು, ಬಿದ್ದರೆ ಆ ಅರ್ಧದಲ್ಲಿ ಮತ್ತೆ ಅರ್ಧ. ಏಳನೆಯ ಪ್ರಯತ್ನಕ್ಕೆ ಹಳೆಯದೊಂದು ಪ್ರತಿಧ್ವನಿ ಪ್ಲಗಿನ್ ಸಿಕ್ಕಿಬಿತ್ತು, ಅದರ ಹೊಸ ಆವೃತ್ತಿ ಹಾಕಿದೆ, ಮುಗಿಯಿತು. ಬೆಳಗಿನ ನೀಲಿ ಪರದೆಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಅದಾದ ಮೇಲೆ ನಾನು ಯಾರ ಜೊತೆ ಮಾತನಾಡಿದರೂ ಆರಂಭ ಎಂಬ ಪದವನ್ನು ಮೂರಾಗಿ ಒಡೆದು ಹೇಳತೊಡಗಿದೆ. ಗುಂಡಿ ಒತ್ತಿದಾಗಿನಿಂದ ಲಾಂಛನ ಬರುವವರೆಗಿನದು ಯಂತ್ರದ ಆರಂಭ. ಅಲ್ಲಿ ಮದರ್‌ಬೋರ್ಡ್ ತನ್ನ ಅಂಗಾಂಗಗಳನ್ನು ಎಣಿಸಿಕೊಳ್ಳುತ್ತದೆ; ವಿಂಡೋಸ್ ಇನ್ನೂ ಡಿಸ್ಕ್‌ನಲ್ಲಿ ಮಲಗಿರುತ್ತದೆ. ಲಾಂಛನದಿಂದ ಪಾಸ್‌ವರ್ಡ್ ಕೇಳುವವರೆಗೆ ವಿಂಡೋಸ್‌ನ ಆರಂಭ. ಚಾಲಕ ತಂತ್ರಾಂಶಗಳು (ಡ್ರೈವರ್‌ಗಳು), ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಆಡಿಯೊ ಇಂಟರ್‌ಫೇಸಿನದೂ ಸೇರಿ, ಏಳುವುದು ಅಲ್ಲಿ. ಮೂರನೆಯದು ಸಂಗೀತ ತಂತ್ರಾಂಶದ ಆರಂಭ. ಎಲ್ಲಿ ಬಿತ್ತು ಎನ್ನುವುದು ತಿಳಿಯದೆ ಔಷಧ ಹುಡುಕಬಾರದು.

ನನ್ನ ಯಂತ್ರದ ಬೀಳುವಿಕೆ ಎರಡನೆಯ ಹಂತದಲ್ಲಿ ಕಾಣುತ್ತಿತ್ತು. ಹಾಗಾಗಿ ಮೊದಲು ಆಡಿಯೊ ಇಂಟರ್‌ಫೇಸ್, ಮಿಡಿ ಕೀಬೋರ್ಡ್, ಪರವಾನಗಿಯ ಡಾಂಗಲ್, ಹೊರಗಿನ ಡಿಸ್ಕ್ ಎಲ್ಲವನ್ನೂ ಕಿತ್ತು, ಬರೀ ಕೀಬೋರ್ಡ್ ಮೌಸ್ ಉಳಿಸಿ ನಾಲ್ಕು ಬೆಳಿಗ್ಗೆ ನೋಡಿದೆ. ಎರಡನೆಯ ಬೆಳಿಗ್ಗೆಯೇ ಬಿತ್ತು. ಅಷ್ಟರಮಟ್ಟಿಗೆ ಯುಎಸ್‌ಬಿ ಸಾಧನಗಳೆಲ್ಲ ನಿರಪರಾಧಿಗಳು. ಆಮೇಲೆ ಹೊಳೆದದ್ದು ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್. ವಿಂಡೋಸ್ 8ರ ಕಾಲದಿಂದ ಇರುವ ಈ ಸೌಲಭ್ಯ ಚಾಲೂ ಇದ್ದರೆ, ಶಟ್‌ಡೌನ್ ಎಂದು ಒತ್ತಿದಾಗ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ತನ್ನ ಒಳತಿರುಳಿನ ಚಿತ್ರವನ್ನು ಡಿಸ್ಕ್‌ಗೆ ಬರೆದಿಟ್ಟು, ಮರುದಿನ ಅದನ್ನೇ ಮೆಮೊರಿಗೆ ಎತ್ತಿಕೊಳ್ಳುತ್ತದೆ. ರೀಸ್ಟಾರ್ಟ್ ಒತ್ತಿದರೆ ಮಾತ್ರ ಎಲ್ಲವೂ ಮೊದಲಿನಿಂದ. ರೀಸ್ಟಾರ್ಟ್‌ನಲ್ಲಿ ಎಂದೂ ಬೀಳದ ಯಂತ್ರ ಬೆಳಗಿನ ಆರಂಭದಲ್ಲಿ ಮಾತ್ರ ಬೀಳುತ್ತಿದ್ದರೆ ಈ ಸೌಲಭ್ಯವನ್ನು ಸಂಶಯಿಸುವುದು ನ್ಯಾಯ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಯ್ಕೆಗಳಲ್ಲಿ ಅದನ್ನು ಬಂದ್ ಮಾಡಿದೆ. ಬೀಳುವ ದಿನಗಳು ಸ್ವಲ್ಪ ಕಡಿಮೆಯಾದವು, ನಿಲ್ಲಲಿಲ್ಲ. ನೀಲಿ ಪರದೆಯ ಮೇಲಿನ ಬರಹ ಮಾತ್ರ ಬದಲಾಗುತ್ತಾ ಹೋಯಿತು.

ಆ ಬದಲಾವಣೆಯನ್ನು ಆಗಲೇ ಗಮನಿಸಬೇಕಿತ್ತು. ಗಮನಿಸಲಿಲ್ಲ. ಬೇಸತ್ತು, "ಯಂತ್ರ ಕಳುಹಿಸಿ, ಪರೀಕ್ಷಿಸುತ್ತೇವೆ" ಎಂದ ಸಂಸ್ಥೆಗೆ ಪೆಟ್ಟಿಗೆಯನ್ನೇ ಕಳುಹಿಸಿಬಿಟ್ಟೆ.

ಒಂಬತ್ತು ದಿನಗಳ ನಂತರ ಅದು ಮರಳಿ ಬಂತು. ಜೊತೆಗೊಂದು ಚೀಟಿ: 24 ಗಂಟೆ ನಿರಂತರವಾಗಿ ಪೂರ್ಣ ಹೊರೆಯಲ್ಲಿ ಓಡಿಸಲಾಗಿದೆ, ಯಾವ ದೋಷವೂ ಕಂಡಿಲ್ಲ. ಆ ಚೀಟಿಯನ್ನು ನಾನು ಬಹಳ ಹೊತ್ತು ನೋಡುತ್ತಾ ಕುಳಿತೆ. ಅವರು ಸುಳ್ಳು ಬರೆದಿರಲಿಲ್ಲ. ಪ್ರಾಮಾಣಿಕವಾಗಿಯೇ ಓಡಿಸಿದ್ದರು. ಆದರೆ 24 ಗಂಟೆ ಓಡಿದ ಯಂತ್ರ ಆ ಅವಧಿಯಲ್ಲಿ ಎದ್ದದ್ದು ಒಂದೇ ಸಲ. ನನ್ನ ದೂರು ಓಟದ ಬಗ್ಗೆ ಇರಲೇ ಇಲ್ಲ, ಏಳುವುದರ ಬಗ್ಗೆ ಇತ್ತು. ರಾತ್ರಿಯಿಡೀ ಆರಿ ತಣ್ಣಗಾದ ಮೇಲೆ ಏಳುವುದರ ಬಗ್ಗೆ.

ಅಂದಿನಿಂದ ದಿನಚರಿ ಬರೆಯತೊಡಗಿದೆ. ಹಿಂದಿನ ರಾತ್ರಿ ಎಷ್ಟು ಗಂಟೆಗೆ ಆರಿಸಿದೆ, ಬೆಳಿಗ್ಗೆ ಎಷ್ಟು ಗಂಟೆಗೆ ಹಚ್ಚಿದೆ, ಕೋಣೆಯ ಉಷ್ಣಾಂಶ ಎಷ್ಟು, ಎಷ್ಟನೆಯ ಯತ್ನಕ್ಕೆ ಎದ್ದಿತು, ನೀಲಿ ಪರದೆಯಲ್ಲಿ ಏನೆಂದಿತ್ತು. ಇದರ ಜೊತೆಗೆ ನನ್ನ ಕಸುಬಿಗೆ ಸಹಜವಾದ ಇನ್ನೊಂದು ಕೆಲಸ ಮಾಡಿದೆ: ಕೈಯಲ್ಲಿ ಹಿಡಿಯುವ ರೆಕಾರ್ಡರ್ ಒಂದನ್ನು ಪೆಟ್ಟಿಗೆಯ ಹಿಂಬದಿಗೆ, ವಿದ್ಯುತ್ ಸರಬರಾಜು ಘಟಕದ ಹತ್ತಿರ ಇಟ್ಟು, ಪ್ರತಿ ಬೆಳಗಿನ ಆರಂಭವನ್ನೂ ಧ್ವನಿಮುದ್ರಿಸಿಕೊಂಡೆ.

ಗುಂಡಿ ಒತ್ತಿದೊಡನೆ ವಿದ್ಯುತ್ ಘಟಕದೊಳಗಿನ ರಿಲೇ ಕ್ಲಿಕ್ ಎನ್ನುತ್ತದೆ. ಹಚ್ಚಿದಾಗ ಒಮ್ಮೆಲೇ ನುಗ್ಗುವ ವಿದ್ಯುತ್ತನ್ನು ತಡೆದು ಆಮೇಲೆ ದಾರಿ ತೆರೆಯುವ ವ್ಯವಸ್ಥೆಯ ಸದ್ದು ಅದು. ಅನೇಕ ಘಟಕಗಳಲ್ಲಿ ಇರುತ್ತದೆ. ನಂತರ ಫ್ಯಾನ್‌ಗಳು ಒಮ್ಮೆ ಜೋರಾಗಿ ಎದ್ದು, ಇಳಿದು, ಒಂದು ಶ್ರುತಿಗೆ ನಿಲ್ಲುತ್ತವೆ. ಒಳ್ಳೆಯ ಬೆಳಗಿನ ಧ್ವನಿಯಲ್ಲಿ ಒಂದು ಕ್ಲಿಕ್, ಫ್ಯಾನ್‌ಗಳ ಏರಿಳಿತ, 22 ಸೆಕೆಂಡಿಗೆ ಲಾಂಛನ ಬಂತೆಂದು ನಾನೇ ಚಿಟಿಕೆ ಹೊಡೆದ ಸದ್ದು. ಹನ್ನೊಂದು ಬೆಳಗಿನ ಮುದ್ರಣಗಳನ್ನು ಒಂದರ ಕೆಳಗೊಂದು ಸಾಲಾಗಿ ಇಟ್ಟು, ಮೊದಲ ಕ್ಲಿಕ್ಕಿಗೆ ಸರಿಯಾಗಿ ಹೊಂದಿಸಿದೆ. ಯಂತ್ರ ಬಿದ್ದದ್ದು ಆರು ದಿನ. ಆ ಆರರಲ್ಲಿ ನಾಲ್ಕು ದಿನ, ಲಾಂಛನ ಬರುವುದಕ್ಕೆ ಮುಂಚೆಯೇ, ಇನ್ನೊಂದು ಕ್ಲಿಕ್ ಇತ್ತು. ಫ್ಯಾನ್‌ಗಳು ಪೂರ್ತಿ ನಿಂತು, ಮತ್ತೆ ಎದ್ದಿದ್ದವು. ಕಿವಿಗೆ ಅಲ್ಲಿಯವರೆಗೆ ಬೀಳದೇ ಹೋದದ್ದು ಅಲೆಯ ಚಿತ್ರದಲ್ಲಿ ಎರಡು ಚೂಪಾದ ಗೆರೆಗಳಾಗಿ ನಿಂತಿತ್ತು.

ಆ ಗೆರೆಗಳನ್ನು ಕಂಡ ಕ್ಷಣ ನನಗೆ ಮೈ ಜುಮ್ಮೆಂದಿತು. ವಿಂಡೋಸ್ ಇನ್ನೂ ಎಚ್ಚರವೇ ಆಗಿಲ್ಲದ ಹೊತ್ತಿನಲ್ಲಿ ಮದರ್‌ಬೋರ್ಡ್ ತಾನೇ ಎಡವಿ, ತಾನೇ ಆರಿಸಿಕೊಂಡು, ತಾನೇ ಮತ್ತೆ ಹಚ್ಚಿಕೊಳ್ಳುತ್ತಿತ್ತು. ಅಂದ ಮೇಲೆ ವಿಂಡೋಸ್ ನೂರು ಸಲ ಹಾಕಿದರೂ ಫಲವಿಲ್ಲ.

ಈಗ ಹಿಂದಿನ ಸುಳಿವುಗಳನ್ನು ಮತ್ತೆ ತೆಗೆದು ನೋಡಿದೆ. ವಿಂಡೋಸ್‌ನ ಘಟನೆಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಎಂಬ ದಾಖಲೆ ಸಾಲುಸಾಲಾಗಿತ್ತು. ಅದನ್ನು ನೋಡಿ ವಿದ್ಯುತ್ ಘಟಕವನ್ನೇ ಬದಲಿಸಿದವರನ್ನು ಬಲ್ಲೆ. ಆದರೆ ಆ ದಾಖಲೆ ಹೇಳುವುದು ಇಷ್ಟೇ: ಕಳೆದ ಸಲ ಯಂತ್ರ ಸರಿಯಾಗಿ ಮುಚ್ಚದೆ ನಿಂತಿತು. ಏಕೆ ಎಂದು ಅದು ಹೇಳುವುದಿಲ್ಲ. ವಿಂಡೋಸ್ ಫೋಲ್ಡರ್‌ನೊಳಗಿನ, ಬಿದ್ದ ಕ್ಷಣದ ವಿವರ ಉಳಿಸಿಟ್ಟ ಮಿನಿಡಂಪ್ ಕಡತಗಳು ಹೆಚ್ಚು ಮಾತನಾಡಿದವು. ಒಂದರಲ್ಲಿ ಮೆಮೊರಿ ಮ್ಯಾನೇಜ್‌ಮೆಂಟ್, ಇನ್ನೊಂದರಲ್ಲಿ ಪೇಜ್ ಫಾಲ್ಟ್, ಮತ್ತೊಂದರಲ್ಲಿ ಐಆರ್‌ಕ್ಯೂಎಲ್ ಎಂದು ದೋಷದ ಹೆಸರು; ದೂಷಿತ ಕಡತದ ಹೆಸರು ಒಮ್ಮೆ ಡಿಸ್ಕ್‌ನ ಚಾಲಕ, ಒಮ್ಮೆ ನೆಟ್‌ವರ್ಕ್‌ನದು, ಒಮ್ಮೆ ವಿಂಡೋಸ್‌ನ ತಿರುಳೇ. ಕೆಟ್ಟ ಚಾಲಕವೊಂದು ಕಾರಣವಾಗಿದ್ದರೆ ಸಾಮಾನ್ಯವಾಗಿ ಅದೇ ಹೆಸರು ಮರಳಿ ಮರಳಿ ಬರುತ್ತದೆ. ಪ್ರತಿ ಸಲ ಬೇರೆ ಬೇರೆಯವರ ಮೇಲೆ ದೂರು ಬರುತ್ತಿದ್ದರೆ, ಎಲ್ಲರೂ ನಿಂತಿರುವ ನೆಲವನ್ನೇ, ಅಂದರೆ ಮೆಮೊರಿಯನ್ನೇ ಅಗೆದು ನೋಡಬೇಕು.

ಮೆಮೊರಿಯನ್ನು ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಯಂತ್ರ ಎಬ್ಬಿಸಿ, ಒಂದು ಮಧ್ಯಾಹ್ನ ಪರೀಕ್ಷೆಗೆ ಹಚ್ಚಿದೆ. 128 ಜಿಬಿಯನ್ನು ನಾಲ್ಕು ಸುತ್ತು ಪರೀಕ್ಷಿಸಲು ಒಂದು ಹಗಲು ಒಂದು ರಾತ್ರಿ ಬೇಕಾಯಿತು. ದೋಷ ಸೊನ್ನೆ. ನಿರಾಸೆಯಿಂದ ಕೈಚೆಲ್ಲುವುದರಲ್ಲಿದ್ದೆ. ಆಮೇಲೆ ಸಂಸ್ಥೆಯ ಚೀಟಿ ನೆನಪಾಯಿತು: ಬೆಚ್ಚಗಿರುವ ಯಂತ್ರವನ್ನೇ ನಾನೂ ಪರೀಕ್ಷಿಸಿದ್ದೆ! ಮರುದಿನ ರಾತ್ರಿ ಹತ್ತಕ್ಕೆ ಆರಿಸಿ, ಗೋಡೆಯ ಸ್ವಿಚ್ಚನ್ನೂ ಆರಿಸಿ, ಬೆಳಿಗ್ಗೆ ಆರಕ್ಕೆ ನೇರವಾಗಿ ಪರೀಕ್ಷೆಗೆ ಹಚ್ಚಿದೆ. ಹನ್ನೊಂದನೆಯ ನಿಮಿಷದಲ್ಲಿ ಕೆಂಪು ಸಾಲುಗಳು ಬಂದವು. ಒಂದಲ್ಲ, ಒಂಬತ್ತು. ಅರ್ಧ ಗಂಟೆಯ ನಂತರ ಹೊಸ ಸಾಲು ಬರುವುದೇ ನಿಂತಿತು. ಪರದೆಯ ಚಿತ್ರ ತೆಗೆದುಕೊಂಡೆ.

ದಿನಚರಿಯ ಎರಡು ಪುಟ, ಧ್ವನಿ ಅಲೆಗಳ ಚಿತ್ರ, ಮೆಮ್‌ಟೆಸ್ಟ್‌ನ ಚಿತ್ರ ಮೂರನ್ನೂ ಸಂಸ್ಥೆಗೆ ಕಳುಹಿಸಿದೆ. ಈ ಸಲ ಮರುದಿನವೇ ಕರೆ ಬಂತು, ಸಹಾಯವಾಣಿಯಿಂದಲ್ಲ, ಯಂತ್ರಗಳನ್ನು ಕೈಯಾರೆ ಜೋಡಿಸುವ ತಂತ್ರಜ್ಞರಿಂದ. ಇಡೀ ಅನುಭವದ ದಿಕ್ಕು ತಿರುಗಿದ್ದು ಆ ಕರೆಯಲ್ಲಿ. ಅವರು ಮೊದಲು ಕೇಳಿದ್ದು, "ಎರಡನೆಯ ಕ್ಲಿಕ್ ಆದ ದಿನ ಲಾಂಛನ ಬರಲು ಎಷ್ಟು ಹೊತ್ತು ಹಿಡಿಯಿತು ಮೇಡಂ?" ಸುಮಾರು ಒಂದೂವರೆ ನಿಮಿಷ ಎಂದೆ. ಅತ್ತಲಿಂದ ಸ್ವಲ್ಪ ಹೊತ್ತು ಮೌನ. "ಹಾಗಾದರೆ ತಪ್ಪು ನಮ್ಮದೇ. ನಾವು ಬಯೋಸ್‌ನಲ್ಲಿ ಕೂಡಿಸಿದ್ದು ಸರಿಯಿಲ್ಲ" ಎಂದರು. ಬಯೋಸ್ ಎಂದರೆ ಮದರ್‌ಬೋರ್ಡ್‌ನಲ್ಲೇ ಇದ್ದು ವಿಂಡೋಸ್‌ಗಿಂತ ಮೊದಲು ಏಳುವ ತಂತ್ರಾಂಶ. ಅಷ್ಟು ನೇರವಾಗಿ ಒಪ್ಪಿಕೊಂಡ ಮಾತನ್ನು ನಾನು ಮರೆಯಲಾರೆ.

ಅವರು ವಿವರಿಸಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ. ಡಿಡಿಆರ್5 ಮೆಮೊರಿ ಓಡುವ ವೇಗದಲ್ಲಿ ಪ್ರೊಸೆಸರ್ ಮತ್ತು ಪಟ್ಟಿಗಳ ನಡುವಿನ ಸಂಕೇತಗಳು ಅತಿ ಸೂಕ್ಷ್ಮ ಕಾಲದ ಅಳತೆಗೆ ಹೊಂದಬೇಕು. ಆ ಹೊಂದಾಣಿಕೆಯನ್ನು ಮದರ್‌ಬೋರ್ಡ್ ಆರಂಭದಲ್ಲಿ ತಾನೇ ಕಲಿಯುತ್ತದೆ. ಇದಕ್ಕೆ ಮೆಮೊರಿ ಟ್ರೇನಿಂಗ್ ಎಂದು ಹೆಸರು. ಮೇಳದಲ್ಲಿ ವಾದ್ಯಗಳೆಲ್ಲ ಶ್ರುತಿ ಸೇರಿಸಿಕೊಳ್ಳುವಂತೆ. ನಾಲ್ಕು ಪಟ್ಟಿಗಳಿದ್ದರೆ ಎರಡಕ್ಕಿಂತ ಇದು ಬಹಳ ಕಷ್ಟ, ಒಂದೇ ಹಾದಿಯ ಮೇಲೆ ಎರಡೆರಡು ಪಟ್ಟಿಗಳ ಭಾರ ಬೀಳುತ್ತದೆ. ಪ್ರೊಸೆಸರ್ ತಯಾರಿಸಿದ ಎಎಂಡಿಯೇ ಇದನ್ನು ಸ್ಪಷ್ಟವಾಗಿ ಬರೆದಿದೆ: ಈ ಪ್ರೊಸೆಸರ್‌ಗೆ ಎರಡು ಪಟ್ಟಿಗಳಾದರೆ 5200, ನಾಲ್ಕಾದರೆ 3600. ಪಟ್ಟಿಯ ಮೇಲೆ ಅಚ್ಚಾದ 6000 ಎಂಬ ಅಂಕಿ ಎಕ್ಸ್‌ಪೊ ಎಂಬ ಹೆಚ್ಚುವೇಗದ ವಿನ್ಯಾಸದ್ದು, ಪಟ್ಟಿ ಅಷ್ಟು ಓಡಬಲ್ಲದು ಎಂಬ ಮಾತು ಮಾತ್ರ. ಈ ಪ್ರೊಸೆಸರ್ ನಾಲ್ಕು ಪಟ್ಟಿಗಳನ್ನು ಒಟ್ಟಿಗೆ ಅಷ್ಟು ವೇಗದಲ್ಲಿ ಓಡಿಸುತ್ತದೆ ಎಂಬ ಭರವಸೆಯಲ್ಲ. ಸಂಸ್ಥೆಯವರು ನಾಲ್ಕನ್ನೂ 6000ಕ್ಕೆ ಏರಿಸಿದ್ದರು.

ಅದಷ್ಟೇ ಆಗಿದ್ದರೆ ಬೇಗ ಬಯಲಾಗುತ್ತಿತ್ತೇನೋ. ನಾಲ್ಕು ಪಟ್ಟಿಗಳ ಟ್ರೇನಿಂಗ್ ಪ್ರತಿದಿನ ನಡೆದರೆ ಲಾಂಛನ ಬರಲು ನಿಮಿಷಗಳೇ ಹಿಡಿಯುತ್ತವೆ, ಗ್ರಾಹಕರು ಯಂತ್ರ ನಿಧಾನವೆಂದು ದೂರುತ್ತಾರೆ. ಅದಕ್ಕಾಗಿ ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್ ಎಂಬ ಆಯ್ಕೆಯನ್ನು ಚಾಲೂ ಮಾಡಿದ್ದರು. ಇದು ಹಿಂದೊಮ್ಮೆ ಕಲಿತ ಅಳತೆಗಳನ್ನೇ ಉಳಿಸಿಟ್ಟು ಮರುಬಳಸುತ್ತದೆ, ಹೊಸದಾಗಿ ಕಲಿಯುವುದಿಲ್ಲ. ಬೆಚ್ಚಗಿನ ಕಾರ್ಯಾಗಾರದಲ್ಲಿ, ಬೆಚ್ಚಗಿನ ಯಂತ್ರದ ಮೇಲೆ ಕಲಿತ ಅಳತೆ ಅದು. ರಾತ್ರಿಯಿಡೀ ತಣ್ಣಗಾದ ಪಟ್ಟಿಗಳ ಮೇಲೆ ಬೆಳಿಗ್ಗೆ ಅದೇ ಅಳತೆಯನ್ನು ಹೇರಿದಾಗ, ಮೊದಲೇ ಅಂಚಿನಲ್ಲಿ ನಿಂತಿದ್ದ ಹೊಂದಾಣಿಕೆ ಜಾರುತ್ತಿತ್ತು. ಕೆಲವು ದಿನ ಮದರ್‌ಬೋರ್ಡ್‌ಗೇ ಅದು ತಿಳಿದು ಎರಡನೆಯ ಕ್ಲಿಕ್. ಕೆಲವು ದಿನ ತಿಳಿಯದೆ ಮುಂದೆ ಹೋಗಿ ನೀಲಿ ಪರದೆ. ಎರಡು ಸಲ ಬೀಳುವಷ್ಟರಲ್ಲಿ ಒಳಗೆ ಬಿಸಿ ಏರುತ್ತಿತ್ತು, ಮೂರನೆಯ ಸಲ ಏಳುತ್ತಿತ್ತು.

ಅವರ ಮಾತನ್ನು ಹಾಗೆಯೇ ನಂಬದೆ ಒಂದೊಂದಾಗಿ ಬದಲಿಸಿ ನೋಡೋಣ ಎಂದೆ. ಅವರೂ ಒಪ್ಪಿದರು. ಫೋನಿನಲ್ಲಿ ಅವರಿರುವಾಗಲೇ ವಿದ್ಯುತ್ ತಂತಿ ಕಿತ್ತು, ಪಕ್ಕದ ಬಾಗಿಲು ತೆಗೆದು, ಪ್ರೊಸೆಸರ್‌ಗೆ ಹೋಗುವ 8 ಪಿನ್ ತಂತಿಯೂ ಮದರ್‌ಬೋರ್ಡಿನ 24 ಪಿನ್ ತಂತಿಯೂ ಕೊನೆಯವರೆಗೆ ಕುಳಿತಿವೆಯೇ, ನಾಲ್ಕು ಪಟ್ಟಿಗಳ ಎರಡೂ ತುದಿ ಬಿಗಿಯಾಗಿವೆಯೇ ಎಂದು ಒತ್ತಿ ನೋಡಿದೆ. ಎಲ್ಲ ಸರಿಯಿತ್ತು. ಮೊದಲು ಕಾಂಟೆಕ್ಸ್ಟ್ ರಿಸ್ಟೋರ್ ಮಾತ್ರ ಬಂದ್ ಮಾಡಿ 6000 ಉಳಿಸಿಕೊಂಡೆವು. ಲಾಂಛನ ಬರಲು ಎರಡು ನಿಮಿಷ. ಎರಡು ಬೆಳಿಗ್ಗೆ ಚೆನ್ನಾಗಿತ್ತು, ಮೂರನೆಯದರಲ್ಲಿ ಬಿತ್ತು. ಆಮೇಲೆ ಎಕ್ಸ್‌ಪೊ ಬಂದ್ ಮಾಡಿದೆವು, ಮೆಮೊರಿ ತಾನಾಗಿ 3600ಕ್ಕೆ ಇಳಿಯಿತು. ಹನ್ನೆರಡು ಬೆಳಿಗ್ಗೆ, ಹನ್ನೆರಡೂ ಮೊದಲ ಯತ್ನಕ್ಕೇ ಎದ್ದಿತು. ಮುಂಜಾನೆಯ ಮೆಮ್‌ಟೆಸ್ಟ್‌ನಲ್ಲೂ ಒಂದೇ ಒಂದು ಕೆಂಪು ಸಾಲಿಲ್ಲ.

6000ದಿಂದ 3600ಕ್ಕೆ ಇಳಿದರೆ ಸಂಗೀತಕ್ಕೆ ಎಷ್ಟು ನಷ್ಟ? ನನ್ನ ಅತಿ ದೊಡ್ಡ ವಾದ್ಯವೃಂದದ ಕಡತ ತೆರೆಯುವ ಹೊತ್ತಿನಲ್ಲಿ ಗಮನಿಸುವಂಥ ವ್ಯತ್ಯಾಸ ಕಾಣಲಿಲ್ಲ, ಅದು ಬಹುಮಟ್ಟಿಗೆ ಡಿಸ್ಕ್‌ನ ಕೆಲಸ. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್‌ಗಳ (ಇಲ್ಲಿ ಧ್ವನಿಯ ಅಳತೆಗಳ) ಬಫರ್, ಅಂದರೆ ಯಂತ್ರ ಒಮ್ಮೆಗೆ ಎತ್ತಿಕೊಳ್ಳುವ ಧ್ವನಿಯ ತುಣುಕು, ಅಂದರೆ ಸುಮಾರು 2.7 ಮಿಲಿಸೆಕೆಂಡ್, ಅದರಲ್ಲಿ ಎಲ್ಲ ಹಾಡುಗಳೂ ಮೊದಲಿನಂತೆಯೇ ಓಡಿದವು. ಬಫರನ್ನು 64ಕ್ಕೆ ಇಳಿಸಿ ತುಂಬ ಭಾರದ ಕಡತ ನುಡಿಸಿದಾಗ ಮಾತ್ರ ಚಟಚಟ ಸದ್ದು ಸ್ವಲ್ಪ ಮುಂಚೆ ಶುರುವಾಯಿತು. ಹಾಡುವವರು ಮೈಕಿನ ಮುಂದೆ ಕಾಯುತ್ತಿರುವಾಗ ನನಗೆ ಬೇಕಾದದ್ದು ಮೊದಲ ಸಲಕ್ಕೇ ಏಳುವ ಯಂತ್ರ. ಆ ಚಟಚಟಕ್ಕೆ ಬಫರ್ ಏರಿಸಿಕೊಂಡರೆ ಆಯಿತು.

ಆದರೂ ಸಂಸ್ಥೆ ಅಲ್ಲಿಗೆ ನಿಲ್ಲಲಿಲ್ಲ. 6000 ಎಂದು ಹೇಳಿ ಕೊಟ್ಟದ್ದು 3600ರಲ್ಲಿ ಓಡುವುದು ತಮಗೆ ಸರಿ ಕಾಣುವುದಿಲ್ಲವೆಂದು, ನಾಲ್ಕು ಪಟ್ಟಿಗಳನ್ನು ಹಿಂಪಡೆದು 48 ಜಿಬಿಯ ಎರಡು ಪಟ್ಟಿಗಳನ್ನು ಕಳುಹಿಸಿದರು. ಒಟ್ಟು 96 ಜಿಬಿ. ನನ್ನ ಕೆಲಸ 80 ಜಿಬಿಯನ್ನು ದಾಟಿದ್ದಿಲ್ಲ, ಹಾಗಾಗಿ ಒಪ್ಪಿದೆ. 48 ಜಿಬಿಯ ಪಟ್ಟಿಗಳನ್ನು ಗುರುತಿಸಲು ಬಯೋಸ್ ಹೊಸದಾಗಿರಬೇಕು. ಹಳೆಯ ಪಟ್ಟಿಗಳು ಇರುವಾಗಲೇ ಅದನ್ನು ನವೀಕರಿಸಿದೆವು. ಪ್ರೊಸೆಸರ್‌ನಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯ ಕಿಂಡಿಯಲ್ಲಿ ಹಾಕಬೇಕು, ಪಕ್ಕಪಕ್ಕದಲ್ಲಿ ಅಲ್ಲ. ತಂತ್ರಜ್ಞರು ಒತ್ತಿ ಒತ್ತಿ ಹೇಳಿದ್ದು ಇದು: "ಹಾಕಿದ ಮೇಲೆ ಮೊದಲ ಸಲ ಪರದೆ ಬಹಳ ಹೊತ್ತು ಕಪ್ಪಾಗಿಯೇ ಇರುತ್ತದೆ. ಕೆಟ್ಟಿತೆಂದುಕೊಂಡು ಆರಿಸಬೇಡಿ ಮೇಡಂ, ಅದು ಕಲಿಯುತ್ತಿರುತ್ತದೆ." ಆರು ನಿಮಿಷ ಕಪ್ಪು ಪರದೆಯ ಮುಂದೆ ಕುಳಿತೆ. ಆ ಮಾತು ಕೇಳಿರದಿದ್ದರೆ ಎರಡನೆಯ ನಿಮಿಷಕ್ಕೇ ಗುಂಡಿ ಒತ್ತಿ ಹಿಡಿಯುತ್ತಿದ್ದೆ. ಈಗ ಅದು 5200ರಲ್ಲಿ ಓಡುತ್ತಿದೆ, ತಯಾರಕರೇ ಒಪ್ಪಿದ ವೇಗ. ನಾಲ್ಕು ತಿಂಗಳಾಯಿತು, ಒಂದು ಬೆಳಿಗ್ಗೆಯೂ ಬಿದ್ದಿಲ್ಲ.

ಇನ್ನು ಯಂತ್ರದ ಉಳಿದ ಗುಣಗಳು. ಇದರ ನಿಶ್ಶಬ್ದತೆಗೆ ನಾನು ಮನಸೋತಿದ್ದೇನೆ. ಮೈಕಿನಿಂದ ಎರಡು ಮೀಟರ್ ದೂರದಲ್ಲಿ ಪೆಟ್ಟಿಗೆ ಇದ್ದರೂ ಪಿಸುಮಾತಿನ ಧ್ವನಿಮುದ್ರಣದಲ್ಲಿ ಅದರ ಉಸಿರು ಕೇಳುವುದಿಲ್ಲ. ಫ್ಯಾನ್‌ಗಳ ವೇಗ ಹೊರೆಗೆ ತಕ್ಕಂತೆ ಒಮ್ಮೆಲೇ ಜಿಗಿಯದೆ ನಿಧಾನವಾಗಿ ಏರುವಂತೆ ಕೂಡಿಸಿದ್ದಾರೆ. ನಿರಂತರ ಸದ್ದಿಗಿಂತ ಏರಿಳಿಯುವ ಸದ್ದು ಧ್ವನಿಮುದ್ರಣವನ್ನು ಹೆಚ್ಚು ಕೆಡಿಸುತ್ತದೆ ಎಂದು ತಿಳಿದವರು ಮಾಡಿದ ಕೆಲಸ ಅದು. ತಂತಿಗಳ ಜೋಡಣೆ ಅಚ್ಚುಕಟ್ಟು. ಧ್ವನಿಯನ್ನು ತಡವರಿಸುವಂತೆ ಮಾಡುವ ವಿಳಂಬಗಳನ್ನು ಅಳೆಯುವ ಲೇಟೆನ್ಸಿಮಾನ್‌ನಲ್ಲಿ ಒಂದು ಗಂಟೆ ಅಳೆದು ನೋಡಿದೆ, ವೈಫೈ ಬಂದ್ ಮಾಡಿಟ್ಟರೆ ಗೆರೆಗಳೆಲ್ಲ ಹಸಿರಾಗಿಯೇ ಉಳಿಯುತ್ತವೆ; ಇಲ್ಲದಿದ್ದರೆ ಆಗಾಗ ಒಂದು ಜಿಗಿತ. ಮುಂಬದಿಯ ಯುಎಸ್‌ಬಿ ಕಿಂಡಿಗಳಿಗೆ ಆಡಿಯೊ ಇಂಟರ್‌ಫೇಸ್ ಜೋಡಿಸಬೇಡಿ, ಹಿಂಬದಿಯ, ನೇರವಾಗಿ ಮದರ್‌ಬೋರ್ಡಿನಲ್ಲೇ ಇರುವ ಕಿಂಡಿಯೇ ಲೇಸು.

ಇಂಥ ಯಂತ್ರವನ್ನು ಕಟ್ಟಿಸಲು ಹೊರಟವರಿಗೆ ನನ್ನ ಕೋರಿಕೆ, ಆರ್ಡರ್ ಕೊಡುವ ಮುನ್ನವೇ ಮೂರು ಮಾತು ಬರೆಸಿಕೊಳ್ಳಿ. ಮೆಮೊರಿ ಪಟ್ಟಿಗಳು ಎಷ್ಟು, ಅಷ್ಟೂ ಪಟ್ಟಿಗಳಿಗೆ ಪ್ರೊಸೆಸರ್ ತಯಾರಕರು ಒಪ್ಪಿದ ವೇಗ ಎಷ್ಟು, ನೀವು ಓಡಿಸುವುದು ಎಷ್ಟರಲ್ಲಿ. ರಾತ್ರಿ ಆರಿಸಿ ಬೆಳಿಗ್ಗೆ ಎಬ್ಬಿಸುವ ಪರೀಕ್ಷೆಯನ್ನು ಎಷ್ಟು ದಿನ ಮಾಡುತ್ತೀರಿ. ಬಯೋಸ್‌ನಲ್ಲಿ ಏನೇನು ಬದಲಿಸಿದ್ದೀರಿ ಎಂಬ ಪಟ್ಟಿ ಕೊಡುತ್ತೀರಾ. ಮೂರನೆಯದು ನನಗೆ ಕೊನೆಗೂ ಸಿಕ್ಕಿಲ್ಲ. ಎರಡು ಸಲ ಕೇಳಿದ್ದೇನೆ, ಕಳುಹಿಸುತ್ತೇವೆ ಎಂದಿದ್ದಾರೆ.

ಅದೇ ಸಂಸ್ಥೆಯಿಂದ ಮತ್ತೆ ಕೊಳ್ಳುತ್ತೇನೆಯೇ? ಹೌದು, ಕೊಳ್ಳುತ್ತೇನೆ, ಆ ತಂತ್ರಜ್ಞರು ಅಲ್ಲಿರುವವರೆಗೆ. ಸಹಾಯವಾಣಿಯ ಮೊದಲ ಮೂರು ವಾರಗಳಿಗೆ ನಾನು ಕೊಡುವ ಅಂಕ ಕಡಿಮೆಯೇ. ಕಳೆದ ತಿಂಗಳು ಸಂಸ್ಥೆಯವರು ಮತ್ತೆ ಕರೆ ಮಾಡಿ, ಈಗ ಪ್ರತಿ ಯಂತ್ರವನ್ನೂ ಕಳುಹಿಸುವ ಮುನ್ನ ಐದು ರಾತ್ರಿ ಆರಿಸಿಟ್ಟು ಐದು ಬೆಳಿಗ್ಗೆ ಎಬ್ಬಿಸಿ ನೋಡುತ್ತಿದ್ದೇವೆ ಎಂದರು. ನನ್ನ ಹನ್ನೊಂದು ಬೆಳಗಿನ ಧ್ವನಿಮುದ್ರಣಗಳನ್ನು, ಹೊಸದಾಗಿ ಸೇರಿದವರಿಗೆ ಎರಡನೆಯ ಕ್ಲಿಕ್ ಕೇಳಿಸುವುದಕ್ಕೆ, ಕಳುಹಿಸಿಕೊಡಲು ಸಾಧ್ಯವೇ ಎಂದು ಕೇಳಿದರು. ಅಂದೇ ಸಂಜೆ ಕಳುಹಿಸಿದೆ.